ಪೆಟ್ಟಿಗೆಯಲ್ಲಿ ಗಡಿ ದಾಟಿದ ಕಾರು: ಡೆಟ್ರಾಯಿಟ್ ನದಿಯಿಂದ ಬೆಂಗಳೂರಿನವರೆಗೆ

(ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಡೆಟ್ರಾಯಿಟ್ ಮತ್ತು ಶಿಕಾಗೋ ಪ್ರಾಂತದ ಕನ್ನಡಿಗರ ಮುಂದೆ ಮೋಟಾರು ಕಾರಿನ ವಿಷಯ ಮಾತನಾಡುವುದೆಂದರೆ ಮೀನಿಗೆ ಈಜು ಕಲಿಸಹೊರಟಂತೆ. ಈ ಸಭೆಯಲ್ಲಿ ಕುಳಿತಿರುವ ಅನೇಕರು ಕಾರಿನ ಕಾರ್ಖಾನೆಗಳಲ್ಲಿಯೋ, ಅವುಗಳಿಗೆ ಬಿಡಿಭಾಗ ಒದಗಿಸುವ ಸಂಸ್ಥೆಗಳಲ್ಲಿಯೋ ಅನ್ನ ಸಂಪಾದಿಸಿದವರು. ಕಾರಿನ ಒಳಗುಟ್ಟು ನನಗಿಂತ ತಮಗೆ ಚೆನ್ನಾಗಿ ಗೊತ್ತು. ಆದ್ದರಿಂದ ಯಂತ್ರದ ವಿಚಾರಕ್ಕೆ ನಾನು ಕೈಹಾಕುವುದಿಲ್ಲ. ಕಾರು ಒಂದು ದೇಶದ ಗಡಿಯನ್ನು ದಾಟಿ ಮತ್ತೊಂದು ದೇಶಕ್ಕೆ ಹೋದ ಬಗೆಯನ್ನು, ಅದರಲ್ಲಿಯೂ ಇಡೀ ಕಾರಾಗಿ ಹೋಗದೆ ಕಳಚಿ ಪೆಟ್ಟಿಗೆಗಳಲ್ಲಿ ತುಂಬಿದ ಬಿಡಿಭಾಗಗಳಾಗಿ ಹೋದ ಬಗೆಯನ್ನು ಮಾತ್ರ ಹೇಳುತ್ತೇನೆ. ಈ ಕಥೆಯ ಒಂದು ತುದಿ ಡೆಟ್ರಾಯಿಟ್ ನದಿಯ ದಂಡೆಯಲ್ಲಿದೆ. ಮತ್ತೊಂದು ತುದಿ ನಮ್ಮ ಬೆಂಗಳೂರಿನಲ್ಲಿ, 1940ರ ಸುಮಾರಿಗೆ ಏಳಬೇಕಾಗಿದ್ದು ಏಳದೆ ಹೋದ ಒಂದು ಕಾರ್ಖಾನೆಯಲ್ಲಿದೆ.

ಮೊದಲು ಒಂದು ಸಣ್ಣ ಪ್ರಶ್ನೆ. ನಮ್ಮ ಊರುಗಳ ತೇರನ್ನು ನೆನೆಯಿರಿ. ಜಾತ್ರೆ ಮುಗಿದ ಮೇಲೆ ಅದರ ಮೇಲುಗಟ್ಟನ್ನು ಬಿಚ್ಚುತ್ತಾರೆ. ಬಿದಿರು ಒಂದೆಡೆ, ಬಟ್ಟೆ ಒಂದೆಡೆ, ಕಳಸ ದೇವಸ್ಥಾನದ ಉಗ್ರಾಣದಲ್ಲಿ. ಗಾಲಿ ಮತ್ತು ಅಡ್ಡೆ ಮಾತ್ರ ಬೀದಿಯ ಕೊನೆಯಲ್ಲಿ ವರ್ಷವೆಲ್ಲ ನಿಂತಿರುತ್ತವೆ. ಹೀಗೆ ಬಿಚ್ಚಿಟ್ಟದ್ದು ತೇರು ಹೌದೋ ಅಲ್ಲವೋ? ಭಕ್ತನಿಗೆ ಇದು ಪ್ರಶ್ನೆಯೇ ಅಲ್ಲ. ಸುಂಕದ ಅಧಿಕಾರಿಗೆ ಮಾತ್ರ ಬಹು ದೊಡ್ಡ ಪ್ರಶ್ನೆ. ತೇರಿಗೆ ಒಂದು ದರ, ಬಿದಿರಿಗೆ ಇನ್ನೊಂದು ದರ ಇದ್ದರೆ, ಬಿಚ್ಚಿದ ತೇರಿಗೆ ಯಾವ ದರ ಹಾಕಬೇಕು? ಸುಂಕ ನಮಗೇನೂ ಹೊಸದಲ್ಲ. ಹೆಜ್ಜುಂಕ ಮೊದಲಾದ ಸುಂಕಗಳ ಹೆಸರು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಶರಣರಲ್ಲಿ ಸುಂಕದ ಬಂಕಣ್ಣನೆಂಬವನೇ ಇದ್ದನು. ಆದರೂ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂಬ ಗಾದೆ ನಮ್ಮಲ್ಲಿ ಉಳಿದುಕೊಂಡಿತು. ಇಪ್ಪತ್ತನೆಯ ಶತಮಾನದ ಕಾರು ತಯಾರಕರು ಆತನ ಮುಂದೆ ಸುಖದುಃಖ ಹೇಳಿಕೊಳ್ಳಲು ಹೋಗಲಿಲ್ಲ; ತೇರನ್ನು ಬಿಚ್ಚಿಯೇ ತೆಗೆದುಕೊಂಡು ಹೋದರು.

ಬಿಚ್ಚಿ ಸಾಗಿಸುವ ಪದ್ಧತಿಗೆ ಸುಂಕ ಮಾತ್ರವಲ್ಲ, ರೈಲು ಬಾಡಿಗೆಯೂ ಕಾರಣವಾಗಿತ್ತು. ಶಿಕಾಗೋವಿನ ಸಿಯರ್ಸ್ ರೋಬಕ್ ಕಂಪೆನಿ 1908ರಿಂದ 1912ರವರೆಗೆ ತನ್ನ ಪ್ರಸಿದ್ಧ ಅಂಚೆ ಪಟ್ಟಿಯ ಮೂಲಕ ಒಂದು ಮೋಟಾರು ಬಗ್ಗಿಯನ್ನು ಮಾರಿತು. ಎತ್ತರದ ಗಾಲಿ, ಗಟ್ಟಿ ರಬ್ಬರಿನ ಪಟ್ಟಿ, ಎರಡು ಸಿಲಿಂಡರಿನ ಎಂಜಿನು; ನೋಡಲು ಕುದುರೆ ಕಳೆದುಕೊಂಡ ಜಟಕಾ ಬಂಡಿಯಂತಿತ್ತು. 395 ಡಾಲರು ಕಳುಹಿಸಿದರೆ ಅದು ಮರದ ಪೆಟ್ಟಿಗೆಯಲ್ಲಿ ಕೊಂಡವನ ಊರಿನ ರೈಲು ನಿಲ್ದಾಣಕ್ಕೆ ಬಂದು ಇಳಿಯುತ್ತಿತ್ತು. ರೈತನು ಪೆಟ್ಟಿಗೆ ಒಡೆದು, ಗಾಲಿ ಮುಂತಾದವನ್ನು ತಾನೇ ಜೋಡಿಸಿ, ಎಣ್ಣೆ ಹೊಯ್ದು, ಮನೆಗೆ ಓಡಿಸಿಕೊಂಡು ಹೋಗಬೇಕು. ಕಂಪೆನಿಗೆ ಇದರಿಂದ ಲಾಭವಾಗದೆ ನಿಲ್ಲಿಸಿಬಿಟ್ಟರು. ಡೆಟ್ರಾಯಿಟಿನಲ್ಲಿ ಇದೇ ಉಪಾಯವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವನು ಹೆನ್ರಿ ಫೋರ್ಡ್. 36 ಅಡಿ ಉದ್ದದ ಒಂದು ರೈಲು ಡಬ್ಬಿಯಲ್ಲಿ ಕಾರಿನ ಬಾಡಿಗಳನ್ನು ಇಡಿಯಾಗಿ ತುಂಬಿದರೆ 7 ಹಿಡಿಯುತ್ತವೆ, ಕಳಚಿ ತುಂಬಿದರೆ 130 ಹಿಡಿಯುತ್ತವೆ ಎಂಬ ಲೆಕ್ಕವನ್ನು ಆತ 1922ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಏಳೆಲ್ಲಿ, ನೂರಮೂವತ್ತೆಲ್ಲಿ! ಕಾರನ್ನು ಸಾಗಿಸುವುದೆಂದರೆ ಬಹುಮಟ್ಟಿಗೆ ಗಾಳಿಯನ್ನು ಸಾಗಿಸಿದಂತೆ ಎಂಬುದು ಆತನಿಗೆ ಬೇಗನೆ ಹೊಳೆಯಿತು. ಆದ್ದರಿಂದ ಡೆಟ್ರಾಯಿಟಿನಲ್ಲಿ ಭಾಗಗಳನ್ನು ಮಾಡುವುದು, ಕೊಳ್ಳುವವನಿಗೆ ಹತ್ತಿರದ ಊರಿನಲ್ಲಿ ಜೋಡಿಸುವುದು ಎಂಬ ಪದ್ಧತಿ ಬೆಳೆಯಿತು. ಶಿಕಾಗೋವಿನ ದಕ್ಷಿಣಕ್ಕೆ ಟಾರೆನ್ಸ್ ಅವೆನ್ಯೂದಲ್ಲಿ, ಕ್ಯಾಲ್ಯುಮೆಟ್ ನದಿಯ ಬಳಿ, 1924ರಲ್ಲಿ ತೆರೆದ ಫೋರ್ಡ್ ಕಾರ್ಖಾನೆ ಇಂಥ ಜೋಡಣೆಯ ಶಾಲೆಯಾಗಿಯೇ ಹುಟ್ಟಿದ್ದು. ಅಮೆರಿಕದೊಳಗೇ ಓಡಾಡಿದ ಮಾಡೆಲ್ ಟಿ ಕಾರುಗಳಲ್ಲಿ ಅನೇಕವು ಹೀಗೆ ಕಿಟ್ಟುಗಳಾಗಿಯೇ ಊರೂರಿಗೆ ಹೋದವು.

ಬಾಡಿಗೆ ಉಳಿಸಿದ ಈ ವಿದ್ಯೆ ಗಡಿಯಲ್ಲಿ ಸುಂಕ ಉಳಿಸುವುದಕ್ಕೂ ಒದಗಿತು. ಕಾಲಕ್ರಮದಲ್ಲಿ ಹೇಳುವುದಾದರೆ ಗಡಿಯ ಕಥೆಯೇ ಮೊದಲಿನದು.

ಡೆಟ್ರಾಯಿಟಿನ ದಂಡೆಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಕೆನಡ ಕಾಣುತ್ತದೆ. ಉತ್ತರದ ದೇಶ ಇಲ್ಲಿ ದಕ್ಷಿಣಕ್ಕಿದೆಯೆಂದು ಊರಿಂದ ಬಂದ ಬಂಧುಗಳಿಗೆ ತೋರಿಸಿ ತಾವೆಲ್ಲ ನಕ್ಕಿರಬಹುದು. ನಡುವೆ ಅರ್ಧ ಮೈಲಿನಷ್ಟು ನೀರು. 1904ರಲ್ಲಿ ಈ ನದಿಗೆ ಸೇತುವೆಯೂ ಇರಲಿಲ್ಲ, ಸುರಂಗವೂ ಇರಲಿಲ್ಲ. ಅಂಬಾಸಡರ್ ಸೇತುವೆ ಬಂದದ್ದು 1929ರಲ್ಲಿ, ಮೋಟಾರು ವಾಹನಗಳ ಸುರಂಗ 1930ರಲ್ಲಿ. ಹಾಯುವ ಹಡಗೇ ಗತಿ. ಆಚೆ ದಡದ ವಾಕರ್‌ವಿಲ್ ಎಂಬ ಊರಿನಲ್ಲಿ, ಇಂದಿನ ವಿಂಡ್ಸರಿನ ಒಂದು ಭಾಗದಲ್ಲಿ, ಬಂಡಿಗಳನ್ನು ಮಾಡುವ ಒಂದು ಕಾರ್ಖಾನೆಯಿತ್ತು. ಅದರ ವ್ಯಾಪಾರ ಸೊರಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಗಾರ್ಡನ್ ಮೆಕ್‌ಗ್ರೆಗರ್ ಎಂಬ ತರುಣನು ನದಿ ದಾಟಿ ಬಂದು ಹೆನ್ರಿ ಫೋರ್ಡನ ಮುಂದೆ ಒಂದು ಸಲಹೆಯಿಟ್ಟನು: ನಿಮ್ಮ ಕಾರನ್ನು ನಾವು ನಮ್ಮ ದಡದಲ್ಲಿ ಕಟ್ಟುತ್ತೇವೆ.

ಫೋರ್ಡನ ಕಂಪೆನಿಗೆ ಆಗ ಒಂದು ವರ್ಷ ತುಂಬಿತ್ತು, ಅಷ್ಟೆ. ಆತನಿಗೆ ಕೆನಡದಲ್ಲಿ ಹೂಡಲು ಹಣವಿರಲಿಲ್ಲ, ಹೂಡಬೇಕಾಗಿಯೂ ಬರಲಿಲ್ಲ. 1904ರ ಆಗಸ್ಟ್ 17ರಂದು 1,25,000 ಡಾಲರು ಬಂಡವಾಳದಿಂದ ಕೆನಡದ ಫೋರ್ಡ್ ಕಂಪೆನಿ ಸ್ಥಾಪನೆಯಾಯಿತು. ತಮ್ಮ ಪೇಟೆಂಟು, ನಕ್ಷೆ ಮತ್ತು ತಿಳಿವಳಿಕೆಗೆ ಪ್ರತಿಫಲವಾಗಿ ಡೆಟ್ರಾಯಿಟಿನವರು ಶೇಕಡ 51ರಷ್ಟು ಷೇರನ್ನು ಪಡೆದುಕೊಂಡರು. ಒಂದು ಕಾಸನ್ನೂ ಕೊಡದೆ, ಬರಿಯ ವಿದ್ಯೆಯನ್ನು ಕೊಟ್ಟು ಅರ್ಧಕ್ಕಿಂತ ಹೆಚ್ಚು ಒಡೆತನ! ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮೊದಲ ವರ್ಷ ಅಲ್ಲಿ ತಯಾರಾದ ಕಾರುಗಳು 117. ಭಾಗಗಳನ್ನು ಡೆಟ್ರಾಯಿಟಿನಿಂದ ಬಂಡಿಯಲ್ಲಿ ಹೇರಿ, ಹಡಗಿನಲ್ಲಿ ನದಿ ದಾಟಿಸಿ ತಂದರು. ಬಾಡಿ, ಗಾಲಿ ಮುಂತಾದ ಕೆಲವನ್ನು ಕೆನಡದಲ್ಲಿಯೇ ಮಾಡಿಸಿದರು.

ಹೀಗೆಲ್ಲ ಒದ್ದಾಡಬೇಕಾದರೂ ಏಕೆ? ಮೆಕ್‌ಗ್ರೆಗರನು ಕಾರುಗಳನ್ನು ಇಡಿಯಾಗಿಯೇ ತಂದು ಮಾರಬಹುದಾಗಿತ್ತಲ್ಲ? ಅದಕ್ಕೆ ಅಡ್ಡಬಂದದ್ದು ಕೆನಡದ ಸುಂಕ. ಸಿದ್ಧವಾದ ವಾಹನಕ್ಕೆ ಶೇಕಡ 35. ಸಾವಿರ ಡಾಲರಿನ ಕಾರು ಗಡಿಯಲ್ಲಿಯೇ ಸಾವಿರದ ಮುನ್ನೂರ ಐವತ್ತಾಗುತ್ತಿತ್ತು. ಭಾಗಗಳಾಗಿ ತಂದು, ಕೆಲವನ್ನು ಒಳಗೇ ಮಾಡಿ, ಕೂಲಿಯನ್ನು ಒಳಗೇ ಕೊಟ್ಟರೆ ಹೊರೆ ಬಹಳ ಇಳಿಯುತ್ತಿತ್ತು. ಈ ಸುಂಕ ಆಕಸ್ಮಿಕವಾಗಿ ಬಂದದ್ದಲ್ಲ. ತನ್ನ ನೆಲದಲ್ಲಿ ಕಾರ್ಖಾನೆ ಏಳಬೇಕೆಂದು 1879ರಿಂದಲೂ ಕೆನಡ ತಾನಾಗಿಯೇ ಆರಿಸಿಕೊಂಡ ನೀತಿ ಅದು. ಬ್ರಿಟಿಷ್ ಸಾಮ್ರಾಜ್ಯದೊಳಗಿದ್ದೂ ಕೆನಡಕ್ಕೆ ತನ್ನ ಸುಂಕವನ್ನು ತಾನೇ ಗೊತ್ತುಮಾಡುವ ಅಧಿಕಾರವಿತ್ತು. ಸಾಮ್ರಾಜ್ಯದ ಜೇಬಿಗೆ ಹೊಡೆತ ಬೀಳುವಂತಿದ್ದರೂ ಅದನ್ನು ಮಾಡಬಹುದಾಗಿತ್ತು. ಫಲವೂ ಬೇಗ ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ವಾಕರ್‌ವಿಲ್‌ನವರು ಪೆಟ್ಟಿಗೆ ಒಡೆದು ಬೋಲ್ಟು ಬಿಗಿಯುವವರಾಗಿ ಉಳಿದಿರಲಿಲ್ಲ. ಎಂಜಿನನ್ನೂ ತಾವೇ ಮಾಡತೊಡಗಿದ್ದರು. ಕಿಟ್ಟು ಅವರ ಪಾಲಿಗೆ ಏಣಿಯ ಮೊದಲ ಮೆಟ್ಟಿಲಾಯಿತು.

ಕಂಪೆನಿಯ ಒಪ್ಪಂದದಲ್ಲಿ ಇನ್ನೊಂದು ಅಂಶವಿತ್ತು. ಬ್ರಿಟನ್ ಮತ್ತು ಐರ್ಲೆಂಡುಗಳನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಉಳಿದ ದೇಶಗಳಲ್ಲಿ ಫೋರ್ಡ್ ಕಾರನ್ನು ಮಾರುವ ಹಕ್ಕು ಕೆನಡದ ಕಂಪೆನಿಗೆ ಸೇರಿತು. ಹೀಗಾಗಿ ನಮ್ಮ ಅಜ್ಜಂದಿರ ಕಾಲದಲ್ಲಿ ಭಾರತಕ್ಕೆ ಬಂದ ಫೋರ್ಡ್ ಕಾರಿನ ತವರು, ನಾವು ಭಾವಿಸುವಂತೆ, ಡೆಟ್ರಾಯಿಟಲ್ಲ, ಅದರ ಎದುರು ದಡ. ದಕ್ಷಿಣ ಆಫ್ರಿಕದಲ್ಲಿ 1923ರಲ್ಲಿ, ಆಸ್ಟ್ರೇಲಿಯದಲ್ಲಿ 1925ರಲ್ಲಿ, ಭಾರತ ಮತ್ತು ಮಲಯಗಳಲ್ಲಿ 1926ರಲ್ಲಿ ಕೆನಡದ ಫೋರ್ಡಿನ ಶಾಖಾ ಕಂಪೆನಿಗಳು ಹುಟ್ಟಿದವು. ಮುಂಬಯಿ, ಮದರಾಸು, ಕಲ್ಕತ್ತಗಳಿಗೆ ಪೆಟ್ಟಿಗೆಗಳು ಬರತೊಡಗಿದವು. ಜನರಲ್ ಮೋಟಾರ್ಸ್ ಕೂಡ ಹಿಂದೆ ಬೀಳದೆ 1928ರಲ್ಲಿ ಮುಂಬಯಿಯ ಶಿವ್ಡಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆದು ಶೆವ್ರಲೆಟ್ ವಾಹನಗಳನ್ನು ಕಟ್ಟತೊಡಗಿತು.

ಮೇಲುನೋಟಕ್ಕೆ ಇದೂ ವಾಕರ್‌ವಿಲ್‌ನ ಕಥೆಯೇ. ಅದೇ ಪೆಟ್ಟಿಗೆ, ಅದೇ ಬೋಲ್ಟು, ಅದೇ ಸುಂಕ. ಮುಂಬಯಿಯಲ್ಲಿ ಮಾತ್ರ ಏಣಿಗೆ ಎರಡನೆಯ ಮೆಟ್ಟಿಲು ಇರಲಿಲ್ಲ. ಭಾರತದ ಸುಂಕ ಸರ್ಕಾರದ ಬೊಕ್ಕಸ ತುಂಬುವುದಕ್ಕಾಗಿ ಇದ್ದುದೇ ಹೊರತು ಕಾರ್ಖಾನೆ ಏಳಿಸುವ ಉದ್ದೇಶದಿಂದ ಇರಲಿಲ್ಲ. ಕಾಲು ಶತಮಾನ ಕಾಲ ಪೆಟ್ಟಿಗೆಗಳು ಬಂದವು, ಒಡೆದವು, ಕಾರುಗಳು ಬೀದಿಗಿಳಿದವು. ಆ ಅವಧಿಯಲ್ಲಿ ಒಂದು ಎಂಜಿನನ್ನಾದರೂ ಇಲ್ಲಿಯೇ ಎರಕ ಹೊಯ್ದು ಮಾಡಬೇಕೆಂಬ ಒತ್ತಾಯ ಯಾರ ಮೇಲೂ ಇರಲಿಲ್ಲ.

ಇದನ್ನು ಕಂಡು ಸುಮ್ಮನಿರಲಾರದೆ ಹೋದವರು ಒಬ್ಬರು ಕನ್ನಡಿಗರು. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಎಂದರೆ ನಮಗೆ ಕನ್ನಂಬಾಡಿ, ಭದ್ರಾವತಿ, ಮೈಸೂರು ವಿಶ್ವವಿದ್ಯಾನಿಲಯಗಳು ನೆನಪಾಗುತ್ತವೆ. ಅವರು ದಿವಾನಗಿರಿ ಬಿಟ್ಟ ಬಹುಕಾಲದ ಮೇಲೆ ಕಾರಿನ ಕಾರ್ಖಾನೆಗಾಗಿ ಪಟ್ಟ ಪಾಡು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1935ರಲ್ಲಿ, ತಮ್ಮ 74ನೆಯ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಗಳಿಗೆ ಹೋಗಿ ಕಾರು ತಯಾರಿಕೆಯನ್ನು ಅಭ್ಯಾಸ ಮಾಡಿ ಬಂದರು. ಆ ವಯಸ್ಸಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಮೊಮ್ಮಕ್ಕಳ ಶಾಲೆಯ ಸಮಯ ನೋಡಿಕೊಂಡಿರುತ್ತೇವೆ. ಅವರು ಹಿಂದಿರುಗಿ, ಭಾರತದಲ್ಲಿ ಕಾರನ್ನು ಹಂತಹಂತವಾಗಿ ಪೂರ್ತಿಯಾಗಿ ತಯಾರಿಸುವ ಯೋಜನೆಯೊಂದನ್ನು ಅಂಕಿ ಅಂಶಗಳೊಡನೆ ಸಿದ್ಧಪಡಿಸಿದರು. ಮೊದಲು ಹೊರಗಿನ ಭಾಗಗಳನ್ನು ತಂದು ಜೋಡಿಸುವುದು, ವರ್ಷ ವರ್ಷಕ್ಕೆ ಒಳಗೆ ಮಾಡುವ ಭಾಗಗಳನ್ನು ಹೆಚ್ಚಿಸುತ್ತ ಹೋಗುವುದು ಎಂಬ ಆ ವಿಚಾರಸರಣಿ ವಾಕರ್‌ವಿಲ್‌ನಲ್ಲಿ ನಡೆದು ತೋರಿದ್ದೇ. ಅವರು ಕಿಟ್ಟನ್ನು ವಿರೋಧಿಸಲಿಲ್ಲ. ಕಿಟ್ಟಿನಲ್ಲಿಯೇ ನಿಂತುಬಿಡುವುದನ್ನು ವಿರೋಧಿಸಿದರು.

ಯೋಜನೆ ಮೊದಲು ಮುಂಬಯಿಗಾಗಿ ರೂಪುಗೊಂಡಿತು. ಸೇಠ್ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. 1937ರಲ್ಲಿ ಅಧಿಕಾರಕ್ಕೆ ಬಂದ ಬಿ. ಜಿ. ಖೇರರ ಮುಂಬಯಿ ಸರ್ಕಾರ ಅದಕ್ಕೆ ಬೆಂಬಲ ಕೊಡಲು ಮುಂದಾಯಿತು. ಆದರೆ 1939ರಲ್ಲಿ ಯುದ್ಧ ಬಂತು, ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು, ಮುಂಬಯಿಯ ಬಾಗಿಲು ಮುಚ್ಚಿತು. ಅದೇ ವರ್ಷ ವಾಲ್‌ಚಂದರು ಅಮೆರಿಕಕ್ಕೆ ಬಂದಿದ್ದರು. ಫೋರ್ಡಿನೊಡನೆ ಮಾತು ಕುದುರಲಿಲ್ಲ. ಕ್ರೈಸ್ಲರಿನೊಡನೆ ಕುದುರಿತು; 1940ರಲ್ಲಿ ಒಪ್ಪಂದವಾಯಿತು. ಕ್ರೈಸ್ಲರಿನ ಮುಖ್ಯ ಕಚೇರಿ ಆಗ ಡೆಟ್ರಾಯಿಟಿನಿಂದ ಸುತ್ತುವರಿದ ಹೈಲೆಂಡ್ ಪಾರ್ಕಿನಲ್ಲಿತ್ತು. ಇನ್ನು ನೆಲ ಬೇಕು, ಆಶ್ರಯ ಬೇಕು. ಅವರು ಮೈಸೂರಿನ ಕಡೆ ತಿರುಗಿದರು.

ಮೈಸೂರಿಗೆ ಹೇಳಿಮಾಡಿಸಿದಂತಹ ಕೆಲಸವದು. ಶಿವನಸಮುದ್ರದಿಂದ 1902ರಿಂದಲೇ ವಿದ್ಯುತ್ತು ಬರುತ್ತಿತ್ತು. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗುತ್ತಿತ್ತು. ಬೆಂಗಳೂರಿನಲ್ಲಿ ಕೈಕಸಬು ಬಲ್ಲ ಕೆಲಸಗಾರರಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರಕ್ಕೆ ಕಾರ್ಖಾನೆಗಳನ್ನು ತಾನೇ ಮುಂದೆ ನಿಂತು ನಡೆಸಿದ ಅನುಭವವಿತ್ತು. ಸರ್ಕಾರ ಆಶ್ರಯ ಕೊಡಲು ಒಪ್ಪಿತು. ಒಪ್ಪದೆ ಹೋದದ್ದು ದೆಹಲಿ. ಕಾರಿನ ಕಾರ್ಖಾನೆ ಯುದ್ಧಪ್ರಯತ್ನಕ್ಕೆ ನೆರವಾಗುವುದಿಲ್ಲ, ಅದಕ್ಕಾಗಿ ಡಾಲರು ಒದಗಿಸಲಾಗುವುದಿಲ್ಲ ಎಂಬುದು ಭಾರತ ಸರ್ಕಾರ ಮುಂದಿಟ್ಟ ಕಾರಣ. ಮೈಸೂರು ಎಷ್ಟೇ ಮಾದರಿ ಸಂಸ್ಥಾನವಾಗಿದ್ದರೂ ಸಾರ್ವಭೌಮ ಸತ್ತೆಯ ಮಾತನ್ನು ಮೀರುವಂತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಯುದ್ಧಕ್ಕೆ ನೆರವಾಗುವುದಿಲ್ಲವೆಂಬ ಈ ಕಾರಣವನ್ನು ಸ್ವಲ್ಪ ಒರೆಹಚ್ಚಿ ನೋಡೋಣ. ಆ ಯುದ್ಧ ನಡೆದದ್ದು ಟ್ರಕ್ಕುಗಳ ಮೇಲೆ. ಕೆನಡದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ಸೈನ್ಯಕ್ಕಾಗಿ ತಯಾರಾದ ಟ್ರಕ್ಕುಗಳು ಬಿಡಿಭಾಗಗಳಾಗಿ ಪೆಟ್ಟಿಗೆ ಸೇರಿ, ಸಾಗರ ದಾಟಿ, ಭಾರತದಲ್ಲಿ ಇಳಿದು, ಇಲ್ಲಿನ ಜೋಡಣೆಯ ಕಾರ್ಖಾನೆಗಳಲ್ಲಿ ಮತ್ತೆ ಟ್ರಕ್ಕುಗಳಾದವು. ಕೆನಡದಿಂದ ಬಂದ ಫೋರ್ಡ್ ಚಾಸಿಗಳ ಮೇಲೆ ಜಮ್‌ಷೆಡ್‌ಪುರದಲ್ಲಿ ಟಾಟಾದವರು ಉಕ್ಕಿನ ಹೊದಿಕೆ ಕಟ್ಟಿ ಸೈನ್ಯಕ್ಕೆ ಕವಚವಾಹನಗಳನ್ನು ಒದಗಿಸಿದರು. ಎಂದರೆ ವಿಂಡ್ಸರಿನ ಪೆಟ್ಟಿಗೆ ಯುದ್ಧಕ್ಕೆ ನೆರವಾಗಬಹುದಾಗಿತ್ತು, ಬೆಂಗಳೂರಿನ ಎಂಜಿನು ಆಗಬಾರದಾಗಿತ್ತು! ಕಾರ್ಖಾನೆ ಎದ್ದು ಉತ್ಪಾದನೆ ಆರಂಭವಾಗಲು ವರ್ಷಗಳೇ ಹಿಡಿಯುತ್ತಿತ್ತು ಎಂಬ ವಾದವೂ ಇರಬಹುದು. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಯುದ್ಧ ಇನ್ನೂ ಐದು ವರ್ಷ ನಡೆಯಿತು.

ಈಗ ಈ ಕಥೆಯ ಅತ್ಯಂತ ವಿಚಿತ್ರವಾದ ಭಾಗ. 1939ರಲ್ಲಿ ಅಮೆರಿಕದಿಂದ ವಿಮಾನದಲ್ಲಿ ಹಿಂದಿರುಗುತ್ತಿದ್ದ ವಾಲ್‌ಚಂದರಿಗೆ ಸಹಪ್ರಯಾಣಿಕನೊಬ್ಬನ ಪರಿಚಯವಾಯಿತು. ಆತ ವಿಲಿಯಂ ಪಾಲಿ. ಚೀನದಲ್ಲಿ ವಿಮಾನದ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದವನು. ಅಮೆರಿಕದಿಂದ ಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ ಅಲ್ಲಿ ಜೋಡಿಸುವುದೇ ಅವನ ಕಸುಬು. ಕಾರಿಗಾಗಿ ಹೋದವರ ಕೈಗೆ ಹೀಗೆ ವಿಮಾನ ಸಿಕ್ಕಿತು. ಮೈಸೂರು ಸರ್ಕಾರ ನೆಲ ಕೊಟ್ಟು ಪಾಲುದಾರನಾಯಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ನೋಂದಣಿಯಾಯಿತು. 1941ರ ಮಾರ್ಚಿಯಲ್ಲಿ ಭಾರತ ಸರ್ಕಾರವೂ ಷೇರುದಾರನಾಯಿತು. 1942ರಲ್ಲಿ ಆಡಳಿತವನ್ನೇ ವಹಿಸಿಕೊಂಡಿತು. ಹಾರ್ಲೋ ಎಂಬ ತರಬೇತಿ ವಿಮಾನ ಅಮೆರಿಕದ ಭಾಗಗಳಿಂದ ಬೆಂಗಳೂರಿನಲ್ಲಿ ಕೂಡಿಕೊಂಡು 1941ರಲ್ಲಿ ಹಾರಿತು. ಮರುವರ್ಷ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಹಾರಿತು. ಅದೇ ವಾಲ್‌ಚಂದ್, ಅದೇ ಮೈಸೂರು, ಅದೇ ಅಮೆರಿಕದ ಪೆಟ್ಟಿಗೆ, ಹೆಚ್ಚು ಕಡಿಮೆ ಅದೇ ತಿಂಗಳುಗಳು. ಒಂದಕ್ಕೆ ಡಾಲರು ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಜಪಾನೀಯರು ಪೂರ್ವದಲ್ಲಿ ಹತ್ತಿರ ಬರುತ್ತಿದ್ದಾಗ ವಿಮಾನ ಬೇಕೇ ಬೇಕಾಗಿತ್ತು. ಕಾರು ಬ್ರಿಟನ್ನಿನಿಂದ ಮುಂದೆಯೂ ಬರಬಹುದಾದ ಸರಕಾಗಿತ್ತು. ನನ್ನ ಮಟ್ಟಿಗೆ ಒಳಗಿನ ಕಾರಣ ಇದೇ.

ಬೆಂಗಳೂರಿಗೆ ಇದರಿಂದ ನಷ್ಟವಾಯಿತೋ ಲಾಭವಾಯಿತೋ ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭವಲ್ಲ. ಯುದ್ಧ ಮುಗಿದ ಮೇಲೆ ಆ ವಿಮಾನದ ಕಾರ್ಖಾನೆ ರೈಲು ಡಬ್ಬಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿತು. ಅಮೆರಿಕನ್ನರು ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳ ರಾಶಿಯಿಂದ ನಲವತ್ತಕ್ಕೂ ಹೆಚ್ಚನ್ನು ಹಾರುವಂತೆ ಮಾಡಿ ಬೆಂಗಳೂರಿಗೆ ತಂದು, ರಿಪೇರಿ ಮಾಡಿ ವಾಯುಪಡೆಗೆ ಒಪ್ಪಿಸಿತು. ಬಿಚ್ಚಿದ್ದನ್ನು ಕೂಡಿಸುವ ಕೈಚಳಕ ಆ ಹೊತ್ತಿಗೆ ಊರಿನಲ್ಲಿ ನೆಲೆಯೂರಿತ್ತು. ರೈಲು ಡಬ್ಬಿಯ ವಿಭಾಗ ಮುಂದೆ 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್‌ಗೆ ಸೇರಿತು. 1953ರಲ್ಲಿ ಎಚ್‌ಎಂಟಿ ಬಂತು. ತಮ್ಮಲ್ಲಿ ಎಷ್ಟು ಮಂದಿಯ ತಂದೆ, ಮಾವ, ಚಿಕ್ಕಪ್ಪಂದಿರು ಈ ಕಾರ್ಖಾನೆಗಳ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದರೆಂದು ನಾನು ಕೈಯೆತ್ತಿಸಿ ಕೇಳಬೇಕಾಗಿಲ್ಲ. ಆ ಸಂಬಳದಲ್ಲಿ ಓದಿದ ಮಕ್ಕಳು ಇಂಜಿನಿಯರುಗಳಾಗಿ ಈ ನದಿಯ ದಂಡೆಗೆ ಬಂದು ಕಾರಿನ ನಕ್ಷೆ ಬರೆದರು. ಕಾರು ಬೆಂಗಳೂರಿಗೆ ಬರಲಿಲ್ಲ, ಬೆಂಗಳೂರೇ ಕಾರಿನ ಬಳಿಗೆ ಬಂತು.

ಕಾರಿನ ಯೋಜನೆ ಎಲ್ಲಿ ಹೋಯಿತು? ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿಯೇ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ, ಕ್ರೈಸ್ಲರಿನ ಒಪ್ಪಂದದಂತೆ, ಡಾಡ್ಜ್ ಮತ್ತು ಪ್ಲಿಮತ್ ಹೆಸರಿನ ವಾಹನಗಳು ಹೊರಬಿದ್ದವು. 1942ರಲ್ಲಿ ಬಿರ್ಲಾ ಮನೆತನದವರು ಸ್ಥಾಪಿಸಿದ್ದ ಹಿಂದೂಸ್ತಾನ್ ಮೋಟಾರ್ಸ್ ಮಾರಿಸ್ ಜೊತೆಗೆ ಸ್ಟೂಡಿಬೇಕರ್ ಕಾರುಗಳನ್ನೂ ಜೋಡಿಸಿತು. ಆ ಸ್ಟೂಡಿಬೇಕರ್ ಕಾರಿನ ಊರು ಇಂಡಿಯಾನದ ಸೌತ್ ಬೆಂಡ್. ಶಿಕಾಗೋದಿಂದ ತೊಂಬತ್ತು ಮೈಲಿನಷ್ಟು ದೂರ. ಅಲ್ಲಿನ ಸ್ಟೂಡಿಬೇಕರ್ ಸಂಗ್ರಹಾಲಯಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಬಹುದು.

1953ರಲ್ಲಿ ಸ್ವತಂತ್ರ ಭಾರತದ ಸುಂಕ ಆಯೋಗ, ಹಂತಹಂತವಾಗಿ ಒಳಗೇ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಅವಕಾಶವಿರಬಾರದೆಂದು ಸಲಹೆ ಮಾಡಿತು. ಸರ್ಕಾರ ಒಪ್ಪಿತು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಬಾಗಿಲು ಮುಚ್ಚಿ ಹೊರಟವು. ವಿಶ್ವೇಶ್ವರಯ್ಯನವರು 1935ರಲ್ಲಿ ಕೇಳಿದ್ದು ಹೀಗೆ ಹದಿನೆಂಟು ವರ್ಷ ತಡವಾಗಿ ನೀತಿಯಾಯಿತು. ಅದನ್ನು ಕಾಣಲು ಅವರು ಬದುಕಿದ್ದರು. ಆದರೆ ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸುಂಕದ ಗೋಡೆಯ ಹಿಂದೆ ಬೆಳೆದ ಅಂಬಾಸಡರ್ ಮತ್ತು ಪದ್ಮಿನಿಗಳು ದಶಕಗಳ ಕಾಲ ಹೆಚ್ಚು ಬದಲಾಗದೆ ನಡೆದವು. ಅವುಗಳಿಗಾಗಿ ಹಣ ಕಟ್ಟಿ ವರ್ಷಗಟ್ಟಲೆ ಕಾದ ನೆನಪು ಸಭೆಯ ಹಿರಿಯರಿಗೆ ಇದ್ದೇ ಇದೆ. ಗೋಡೆ ಕಟ್ಟುವ ಅಧಿಕಾರ ಇರಬೇಕು, ಸರಿ. ಯಾವಾಗ ತಗ್ಗಿಸಬೇಕೆಂಬ ವಿವೇಕವನ್ನು ಆ ಅಧಿಕಾರ ತಾನಾಗಿ ತರುವುದಿಲ್ಲ.

ಡೆಟ್ರಾಯಿಟ್ ನದಿಯ ಮೇಲೆ ಗೋಡೆ ತಗ್ಗಿದ್ದು 1965ರಲ್ಲಿ. ಆ ವರ್ಷದ ಜನವರಿ 16ರಂದು ಅಧ್ಯಕ್ಷ ಜಾನ್ಸನ್ ಮತ್ತು ಕೆನಡದ ಪ್ರಧಾನಿ ಪಿಯರ್ಸನ್ ಸಹಿಮಾಡಿದ ಒಪ್ಪಂದದಿಂದ ಕಾರು ಮತ್ತು ಭಾಗಗಳು ತಯಾರಕರ ಮಟ್ಟಿಗೆ ಸುಂಕವಿಲ್ಲದೆ ಆಚೀಚೆ ಓಡಾಡತೊಡಗಿದವು. ಕೆನಡವು ತನ್ನೊಳಗಿನ ತಯಾರಿಕೆಯ ಪ್ರಮಾಣ ಕುಗ್ಗದಂತೆ ಷರತ್ತು ಹಾಕಿಕೊಂಡೇ ಸಹಿಮಾಡಿತು. ಎಂಜಿನಿನ ಒಂದು ಭಾಗ ಪೂರ್ತಿಯಾಗುವ ಮೊದಲು ಹಲವು ಸಲ ಸೇತುವೆ ದಾಟುವ ಪರಿಪಾಟ ಬೆಳೆದದ್ದು ಆಮೇಲೆಯೇ. 2025ರ ಏಪ್ರಿ‌ಲ್‌ನಲ್ಲಿ ಅಮೆರಿಕ ಸರ್ಕಾರ ಹೊರಗಿನ ಕಾರುಗಳ ಮೇಲೆ ಶೇಕಡ 25 ಸುಂಕ ವಿಧಿಸಿ, ಉತ್ತರ ಅಮೆರಿಕದ ಒಪ್ಪಂದಕ್ಕೆ ಸೇರಿದ ಕಾರಿನಲ್ಲಿ ಅಮೆರಿಕದ ಭಾಗ ಎಷ್ಟು, ಹೊರಗಿನದೆಷ್ಟು ಎಂದು ಎಣಿಸಹೊರಟಾಗ, ಮೆಕ್‌ಗ್ರೆಗರನ ಕಾಲದ ಲೆಕ್ಕ ಮತ್ತೆ ಮೇಜಿನ ಮೇಲೆ ಬಂತು.

ಬಿಚ್ಚುವ ವಿದ್ಯೆ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಒಂದು ತಮಾಷೆಯ ನಿದರ್ಶನವಿದೆ. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರೆಂದು ಅಮೆರಿಕ 1964ರಲ್ಲಿ ಹೊರಗಿನ ಹಗುರ ಟ್ರಕ್ಕುಗಳಿಗೆ ಶೇಕಡ 25 ಸುಂಕ ಹಾಕಿತು. ಕೋಳಿಯ ಜಗಳ ಎಂದೋ ಮುಗಿಯಿತು, ಸುಂಕ ಉಳಿಯಿತು. ಅದನ್ನು ತಪ್ಪಿಸಲು ಜರ್ಮನಿಯ ಸ್ಪ್ರಿಂಟರ್ ವ್ಯಾನುಗಳನ್ನು ಅಲ್ಲಿ ಪೂರ್ತಿಯಾಗಿ ಕಟ್ಟಿ, ಮತ್ತೆ ಬಿಚ್ಚಿ, ಹಡಗಿಗೇರಿಸಿ, ದಕ್ಷಿಣ ಕೆರೊಲಿನದಲ್ಲಿ ಪುನಃ ಕಟ್ಟುತ್ತಿದ್ದರು. ಫೋರ್ಡಿನವರದು ಇದರ ತಿರುಗುಮುರುಗು. ತುರ್ಕಿಯಲ್ಲಿ ಮಾಡಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ಹಿಂದಿನ ಆಸನ ಕಿಟಕಿಗಳ ಸಮೇತ ಪ್ರಯಾಣಿಕರ ವಾಹನವೆಂದು ತಂದು, ಶೇಕಡ ಎರಡೂವರೆ ಸುಂಕ ಕೊಟ್ಟು, ಬಂದರು ದಾಟಿದ ಮೇಲೆ ಆಸನಗಳನ್ನು ಕಿತ್ತು ಸರಕಿನ ವ್ಯಾನುಗಳನ್ನಾಗಿ ಮಾಡಿದರು. ನ್ಯಾಯಾಲಯ 2019ರಲ್ಲಿ ಇದನ್ನು ಒಪ್ಪಲಿಲ್ಲ. 2024ರಲ್ಲಿ ಕಂಪೆನಿ 36.5 ಕೋಟಿ ಡಾಲರು ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು.

ಬಿಚ್ಚಿದ ತೇರು ತೇರು ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಸುಂಕದ ಶಾಸ್ತ್ರದಲ್ಲಿ ಈಗ ಸ್ಪಷ್ಟವಾದ ಉತ್ತರವಿದೆ. 1988ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸರಕು ವರ್ಗೀಕರಣದ ಎರಡನೆಯ ನಿಯಮದಂತೆ, ಬಿಡಿಯಾಗಿ ಬಂದರೂ ಇಡಿಯ ವಸ್ತುವಿನ ಮುಖ್ಯ ಲಕ್ಷಣವಿದ್ದರೆ ಅದು ಇಡಿಯ ವಸ್ತುವೇ. ತೇರು ತೇರೇ. ದೇಶಗಳು ಕಿಟ್ಟುಗಳಿಗೆ ಬೇರೆ ದರ ಬೇಕೆಂದಾಗ ತಮ್ಮ ಪಟ್ಟಿಯಲ್ಲಿ ಅದನ್ನು ಬೇರೆಯಾಗಿಯೇ ಬರೆದುಕೊಳ್ಳುತ್ತವೆ. ಈ ದೇಶದ ಪರಿಸರ ಇಲಾಖೆಯೂ ಎಂಜಿನು, ಗೇರುಪೆಟ್ಟಿಗೆ, ಬಾಡಿ ಎಲ್ಲ ಕೂಡಿ ಬಂದ ಕಿಟ್ಟನ್ನು ವಾಹನವೆಂದೇ ಎಣಿಸುತ್ತದೆ. ಎಂಜಿನಿಲ್ಲದ ಬರಿಯ ಬಾಡಿಯನ್ನು ಹಾಗೆ ಎಣಿಸುವುದಿಲ್ಲ. ಮನೆಯ ಗ್ಯಾರೇಜಿನಲ್ಲಿ ಕಾರು ಕಟ್ಟುವ ಹವ್ಯಾಸವಿದ್ದು, ವಿಂಡ್ಸರಿನಿಂದಲೋ ಇಂಗ್ಲೆಂಡಿನಿಂದಲೋ ಕಿಟ್ಟು ತರಬೇಕೆಂದಿರುವ ತರುಣರು ಹಣ ಕಳುಹಿಸುವ ಮೊದಲೇ ಪೆಟ್ಟಿಗೆಯೊಳಗೆ ಏನೇನಿದೆ, ಏನಿಲ್ಲ ಎಂಬ ಪಟ್ಟಿಯನ್ನು ತರಿಸಿ ಓದಿಕೊಳ್ಳುವುದು ಒಳ್ಳೆಯದು.

ಹಳೆಯ ಕಾರಿಗೆ ಇಷ್ಟು ತಾಪತ್ರಯವಿಲ್ಲ. ಇಪ್ಪತ್ತೈದು ವರ್ಷ ದಾಟಿದ ವಾಹನವನ್ನು ಸುರಕ್ಷತೆಯ ಕಟ್ಟಳೆಗಳಿಗೆ ಒಳಪಡಿಸದೆ ಅಮೆರಿಕದೊಳಗೆ ತರಬಹುದು. ಕೆನಡದಲ್ಲಿ ಹದಿನೈದು ವರ್ಷ ಸಾಕು. ಪ್ರೀಮಿಯರ್ ಕಂಪೆನಿ ತನ್ನ ಪದ್ಮಿನಿ ಕಾರಿನ ತಯಾರಿಕೆಯನ್ನು ಈ ಶತಮಾನದ ಆರಂಭದಲ್ಲಿ ನಿಲ್ಲಿಸಿತು. ಬೆಂಗಳೂರಿನಲ್ಲಿ ಹುಟ್ಟಬೇಕೆಂದು ಒಮ್ಮೆ ಯೋಜಿಸಿದ್ದ ಕಾರ್ಖಾನೆಯ ವಂಶದಲ್ಲಿ ಬಂದ ಆ ಪುಟ್ಟ ಕಾರು, ತಮ್ಮಲ್ಲಿ ಯಾರಾದರೂ ತರಿಸಲು ಮನಸ್ಸು ಮಾಡಿದರೆ, ಪೆಟ್ಟಿಗೆಯ ಹಂಗಿಲ್ಲದೆ, ಬಲಗಡೆಯ ಸ್ಟಿಯರಿಂಗಿನೊಡನೆ, ಇಡಿಯಾಗಿಯೇ ಗಡಿ ದಾಟಿ ಬರಬಹುದು.